ಮಾರ್ಚ್‌ನಲ್ಲಿ ಟೊಮೆಟೊ ಹೂವೆಲ್ಲ ಉದುರಿತು: ಕಲಬುರಗಿ ಮಾಳಿಗೆಯ ಮೇಲೆ ಮೊದಲು ಏನು ಬೆಳೆಯಬೇಕು?

ಹೊಸ ಕುಂಡ, ಕಲಬುರಗಿ (ಏಪ್ರಿಲ್ 11)

ಎಲ್ಲರಿಗೂ ಶರಣು. ಜೇವರ್ಗಿ ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಮೇಲೆ ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ಇದೆ, ಬಳಸಿಕೊಳ್ಳಲು ಮನೆಯವರ ಅಭ್ಯಂತರವಿಲ್ಲ. ಫೆಬ್ರವರಿ ಕೊನೆಯಲ್ಲಿ ಇಪ್ಪತ್ತು ಲೀಟರಿನ ಆರು ಬಣ್ಣದ ಬಕೆಟ್‌ಗಳನ್ನು ತಂದು, ಅಣ್ಣನ ಹೊಲದ ಕಪ್ಪು ಮಣ್ಣು ತುಂಬಿಸಿ, ಪಕ್ಕದ ಮನೆಯ ಎಮ್ಮೆಯ ಸಗಣಿಯನ್ನೂ ಕಲಸಿ, ನರ್ಸರಿಯಿಂದ ತಂದ ಟೊಮೆಟೊ ಸಸಿ ನೆಟ್ಟೆ. ಮೂರು ವಾರ ಚೆನ್ನಾಗಿ ಬಂದವು. ಹೂವೂ ಬಿಟ್ಟವು. ಆಮೇಲೆ ಒಂದೊಂದೇ ಹೂವು ತೊಟ್ಟು ಸಮೇತ ಉದುರಿತು. ಎಲೆಯ ಅಂಚು ಸುಟ್ಟಂತಾಯಿತು. ನನಗೆ ಅರ್ಥವಾಗದ ಸಂಗತಿ ಒಂದಿದೆ: ನೀರು ಹಾಕಿದರೆ ಆ ಕ್ಷಣವೇ ಬುಡದ ತೂತಿನಿಂದ ಹೊರಗೆ ಬರುತ್ತದೆ, ಆದರೂ ಮಧ್ಯಾಹ್ನದ ಹೊತ್ತಿಗೆ ಗಿಡ ಬಾಡಿ ನಿಂತಿರುತ್ತದೆ. ಇನ್ನಷ್ಟು ಹಾಕಿದೆ. ನಾಲ್ಕು ಗಿಡ ಸತ್ತವು, ಎರಡು ಉಳಿದಿವೆ.

ನನ್ನ ಕೈಗುಣ ಸರಿಯಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಅತ್ತೆಯವರಿಗೆ ಪಲ್ಯ ಸೋಸುವುದೆಂದರೆ, ಅಂದರೆ ಸೊಪ್ಪಿನ ಎಲೆ ಬಿಡಿಸುವುದೆಂದರೆ, ಬಹಳ ಇಷ್ಟ, ಮೊಣಕಾಲು ನೋವಿನಿಂದ ಮಾರುಕಟ್ಟೆಗೆ ಹೋಗುವುದು ಬಿಟ್ಟಿದ್ದಾರೆ. ಅವರ ಕೈಗೆ ನಮ್ಮ ಮಾಳಿಗೆಯದೇ ಒಂದು ಸಿವುಡು ಸೊಪ್ಪು ಕೊಡಬೇಕು ಎಂಬ ಆಸೆಯಿಂದ ಶುರು ಮಾಡಿದ್ದು. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ನೌಬಾದ್ ಹಿತ್ತಲು, ಬೀದರ್ (ಏಪ್ರಿಲ್ 11)

ತಂಗಿ, ಕೈಗುಣದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕು. ಮೂವತ್ತು ವರ್ಷದಿಂದ ಹಿತ್ತಲಲ್ಲಿ ಕಾಯಿಪಲ್ಯ ಬೆಳೆಯುತ್ತಿದ್ದೇನೆ, ಮಾರ್ಚ್‌ನಲ್ಲಿ ನೆಟ್ಟ ಟೊಮೆಟೊ ನನ್ನ ಕೈಯಲ್ಲೂ ಕಾಯಿ ಹಿಡಿಯುವುದಿಲ್ಲ. ಬೀದರ್ ನಿಮ್ಮೂರಿಗಿಂತ ಎತ್ತರದಲ್ಲಿದೆ, ಬಿಸಿಲು ಸ್ವಲ್ಪ ಕಡಿಮೆ. ಇಲ್ಲೇ ಹೀಗೆ ಎಂದ ಮೇಲೆ ಕಲಬುರಗಿಯ ಕಲ್ಲಿನ ಮಾಳಿಗೆಯ ಮೇಲೆ ಕೇಳಬೇಕೇ? ನಿನ್ನ ಕೈ ತಪ್ಪಿಲ್ಲ, ತಿಂಗಳು ತಪ್ಪಿದೆ.

ಸಗಣಿ ಹಸಿಯದೋ, ಕೊಳೆತದ್ದೋ?

ಹೊಸ ಕುಂಡ, ಕಲಬುರಗಿ (ಏಪ್ರಿಲ್ 11)

ಹಸಿಯದೇ ಅಕ್ಕ. ಎರಡು ದಿನ ಬಿಸಿಲಿಗೆ ಒಣಗಿಸಿದ್ದೆ, ಅಷ್ಟೇ.

ತೋಟಗಾರಿಕೆ ಓದಿದವ, ಕಲಬುರಗಿ (ಏಪ್ರಿಲ್ 12)

ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿದ್ದೇನೆ, ಈಗ ಕೆಲಸ ಬೇರೆ. ಹೂವು ಉದುರಿದ ಕಾರಣ ಹೇಳುತ್ತೇನೆ. ಟೊಮೆಟೊ ಹೂವಿನ ಪರಾಗ ಶಾಖಕ್ಕೆ ಬಹಳ ಸೂಕ್ಷ್ಮ. ಹಗಲಿನ ಬಿಸಿ 35 ಡಿಗ್ರಿ ದಾಟಿ, ರಾತ್ರಿಯೂ 22–24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಪರಾಗ ನಿಸ್ಸತ್ವವಾಗುತ್ತದೆ, ಕಾಯಿ ಕಟ್ಟದೆ ಗಿಡ ತಾನೇ ಹೂವನ್ನು ಉದುರಿಸುತ್ತದೆ. ಹಗಲ ಬಿಸಿಲನ್ನು ನಾವು ಲೆಕ್ಕಕ್ಕೆ ಹಿಡಿಯುತ್ತೇವೆ, ರಾತ್ರಿಯನ್ನು ಮರೆಯುತ್ತೇವೆ. ಶಹಾಬಾದ್ ಕಲ್ಲು ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ನಿಮ್ಮ ಬಕೆಟ್‌ಗಳು ಕೆಂಡದ ಪಕ್ಕದಲ್ಲಿ ಮಲಗಿದಂತೆ ಇರುತ್ತವೆ. ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು, ಗಾಳಿ ಆಡುವಂತೆ ಎತ್ತರಿಸಿ. ಬಕೆಟ್ಟಿನ ಹೊರಗೆ ಗೋಣಿಚೀಲ ಸುತ್ತಿ, ಒಳಗಿನ ಮಣ್ಣು ತಣ್ಣಗಿರುತ್ತದೆ.

ಹಸಿ ಸಗಣಿ ಮಣ್ಣಿನೊಳಗೆ ಕೊಳೆಯುವಾಗ ಕಾವು ಏರುತ್ತದೆ, ಬೇರನ್ನು ಸುಡುತ್ತದೆ, ಗೊಣ್ಣೆಹುಳ ಮತ್ತು ಗೆದ್ದಲನ್ನೂ ಕರೆತರುತ್ತದೆ. ತಿಪ್ಪೆಯಲ್ಲಿ ಆರು ತಿಂಗಳಾದರೂ ಕಳಿತು, ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬರುವ ಗೊಬ್ಬರವನ್ನೇ ಹಾಕಬೇಕು.

ಎರೆ ಹೊಲ, ಸೇಡಂ (ಏಪ್ರಿಲ್ 12)

ನೀರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದು ನಮ್ಮ ಕಪ್ಪು ಮಣ್ಣಿನ, ಅಂದರೆ ಎರೆಮಣ್ಣಿನ ಸ್ವಭಾವ. ಹಸಿಯಾದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದನ್ನು ನೀವೂ ನೋಡಿರುತ್ತೀರಿ. ಬಕೆಟ್ಟಿನಲ್ಲಿ ಆಗುವುದೂ ಅದೇ. ಮಣ್ಣು ಕುಗ್ಗಿ ಬಕೆಟ್ಟಿನ ಗೋಡೆಯನ್ನು ಬಿಟ್ಟು ನಿಲ್ಲುತ್ತದೆ. ನೀವು ಹಾಕಿದ ನೀರು ಆ ಸಂದಿನಿಂದ ಸರ್‍ರನೆ ಇಳಿದು ಹೊರಗೆ ಹೋಗುತ್ತದೆ, ನಡುವಿನ ಹೆಂಟೆ ಒಣಗಿಯೇ ಇರುತ್ತದೆ. ಬೇರು ಇರುವುದು ಆ ಹೆಂಟೆಯಲ್ಲಿ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. ಒಮ್ಮೆ ಪೂರ್ತಿ ನೆನೆದರೆ ಎರೆಮಣ್ಣು ಸುಲಭಕ್ಕೆ ನೀರು ಬಿಡುವುದಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಕೆಸರು. ಆಗ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹೊಲದಲ್ಲಿ ಈ ಮಣ್ಣು ನಮಗೆ ಬಂಗಾರ. ತೊಗರಿಯ ಬೇರು ಆಳಕ್ಕೆ ಇಳಿದು, ಮಳೆ ನಿಂತ ಮೇಲೂ ಅದರ ತೇವದಿಂದಲೇ ಬದುಕುತ್ತದೆ. ಬಕೆಟ್ಟಿನಲ್ಲಿ ಆ ಆಳ ಎಲ್ಲಿಂದ ಬರಬೇಕು?

ಒಂದು ಪಾಲು ಎರೆಮಣ್ಣು ಸಾಕು. ಒಂದು ಪಾಲು ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮಸಾರಿ ಮಣ್ಣು ಅಥವಾ ದಪ್ಪ ಮರಳು ಸೇರಿಸಿ. ಉಳಿದ ಎರಡು ಗಿಡಗಳ ಮಣ್ಣನ್ನು ಅಂಚಿನಲ್ಲಿ ಕಡ್ಡಿಯಿಂದ ಕೆದಕಿ ಸಂದು ಮುಚ್ಚಿ, ಒಂದು ಚೊಂಬು ನೀರನ್ನು ನಿಧಾನವಾಗಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಚೊಂಬು ಹಾಕಿ.

ಬಾಡಿಗೆ ಮನೆ, ಹುಮನಾಬಾದ್ (ಏಪ್ರಿಲ್ 12)

ಮಣ್ಣಿನ ಗೊಡವೆಯೇ ಬೇಡ, ತೆಂಗಿನ ನಾರಿನ ಪುಡಿಯ ಇಟ್ಟಿಗೆ ಸಿಗುತ್ತದೆ, ಅದನ್ನೇ ತುಂಬಿಸಿ. ಹಗುರವಾಗಿರುತ್ತದೆ. ನಾನು ಹಾಗೆಯೇ ಮಾಡಿದ್ದೇನೆ.

ಎರೆ ಹೊಲ, ಸೇಡಂ (ಏಪ್ರಿಲ್ 13)

ಹಗುರ ಎಂಬುದನ್ನು ಒಪ್ಪುತ್ತೇನೆ. ಆದರೆ ಅದರಲ್ಲಿ ಗಿಡಕ್ಕೆ ಆಹಾರ ಬಹುಮಟ್ಟಿಗೆ ಇಲ್ಲ, ಪ್ರತಿ ವಾರ ನೀವೇ ಉಣಿಸಬೇಕು. ಹೊಸಬರಿಗೆ ಅದು ಸಲೀಸಲ್ಲ. ಮಣ್ಣಿನ ಜೊತೆ ಕಾಲು ಪಾಲು ಬೆರೆಸಿದರೆ ಒಳ್ಳೆಯದು. ಊರ ಸುತ್ತ ಇಷ್ಟು ಸತ್ವದ ಮಣ್ಣು ಇಟ್ಟುಕೊಂಡು ಅದನ್ನು ಪೂರ್ತಿ ಬಿಟ್ಟುಬಿಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಮಾಳಿಗೆ ಕೆಲಸ, ಯಾದಗಿರಿ (ಏಪ್ರಿಲ್ 13)

ಭಾರದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನಾನು ಕಟ್ಟಡ ಕೆಲಸದವನು. ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ಹಸಿ ಮಣ್ಣು ತುಂಬಿದರೆ ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಆರಕ್ಕೆ ಏನೂ ಆಗುವುದಿಲ್ಲ, ಆದರೆ ಈ ಹವ್ಯಾಸ ಆರಕ್ಕೆ ನಿಲ್ಲುವುದಿಲ್ಲ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ತೊಲೆಯ ಮೇಲೆ ಕಲ್ಲು ಹಾಸಿ, ಮೇಲೆ ಮಣ್ಣು ಹೊಚ್ಚಿದ ಮಾಳಿಗೆ ಇರುತ್ತದೆ. ಅದರ ನಡುವೆ ಕುಂಡಗಳನ್ನು ಗುಂಪಾಗಿ ಇಡಲೇಬಾರದು. ಕಾಂಕ್ರೀಟ್ ಮಾಳಿಗೆಯಾದರೂ ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನ ಮೇಲೆ, ಅಂಚಿಗೆ ಇಡಿ. ಬಾಡಿಗೆ ಮನೆಯಲ್ಲಿ ನೀರು ಸೋರಿದರೆ ಮನೆಯವರೊಡನೆ ಮನಸ್ತಾಪ ಬರುತ್ತದೆ. ಕೆಳಗೆ ತಟ್ಟೆ ಇಟ್ಟು, ಅದರಲ್ಲಿ ನಿಂತ ನೀರನ್ನು ದಿನವೂ ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಹೊಸ ಕುಂಡ, ಕಲಬುರಗಿ (ಏಪ್ರಿಲ್ 13)

ಓದುತ್ತ ಓದುತ್ತ ಮೇಲೆ ಹೋಗಿ ನೋಡಿದೆ. ಬಕೆಟ್ಟಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಇದೆ! ಒಂದು ತಿಂಗಳಿನಿಂದ ನಾನು ಆ ಸಂದಿಗೆ ನೀರು ಹಾಕುತ್ತಿದ್ದೇನೆ.

ಇನ್ನೆರಡು ಪ್ರಶ್ನೆ. ನಮ್ಮದು ಕೊಳವೆಬಾವಿ ನೀರು, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆ. ಅದು ಗಿಡಕ್ಕೆ ಕೆಟ್ಟದ್ದೇ? ಎಲೆ ಹಳದಿಯಾಗಿದೆ ಎಂದು ಒಂದು ವಿಡಿಯೊ ನೋಡಿ ಮೊಟ್ಟೆಯ ಸಿಪ್ಪೆಯ ಪುಡಿ ಮತ್ತು ಒಲೆಯ ಬೂದಿ ಹಾಕಿದ್ದೆ, ಅದು ಸರಿಯೇ?

ತೋಟಗಾರಿಕೆ ಓದಿದವ, ಕಲಬುರಗಿ (ಏಪ್ರಿಲ್ 14)

ಈ ಎರಡೂ ಪ್ರಶ್ನೆ ಒಂದೇ ಕಡೆ ಬಂದು ಸೇರುತ್ತವೆ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆ ಜೋರು. ಮಣ್ಣಿನ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಂಥ ಮಣ್ಣಿಗೆ ಬೂದಿ, ಸುಣ್ಣ, ಮೊಟ್ಟೆಯ ಸಿಪ್ಪೆ ಹಾಕುವುದಕ್ಕೆ ಅರ್ಥವಿದೆ. ನಮ್ಮ ಎರೆಮಣ್ಣು ಅದಕ್ಕೆ ಪೂರ್ತಿ ವಿರುದ್ಧ. ಹೊಲದಲ್ಲಿ ಬಿಳಿ ಸುಣ್ಣದ ಹರಳುಗಳು ಕಣ್ಣಿಗೇ ಕಾಣುತ್ತವೆ. ಇದು ಕ್ಷಾರದ ಮಣ್ಣು, ಇದರ ರಸಸಾರ (ಪಿಎಚ್) 8ರ ಆಸುಪಾಸಿನಲ್ಲಿ ಇರುವುದು ಸಾಮಾನ್ಯ. ಇದಕ್ಕೆ ಬೂದಿ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಹಳೆಯ ಎಲೆ ಕೆಳಗಿನಿಂದ ಹಳದಿಯಾಗುತ್ತ ಬಂದರೆ ಸಾರಜನಕದ ಕೊರತೆ. ನೋಡಿ ಹೇಳಿ. ವಿಡಿಯೊ ಮಾಡಿದವರು ತಮ್ಮ ಊರಿನ ಮಣ್ಣಿಗೆ ಸರಿಯಾದದ್ದನ್ನೇ ಹೇಳಿರಬಹುದು, ಅದು ನಮ್ಮ ಮಣ್ಣಲ್ಲ.

ಕೊಳವೆಬಾವಿಯ ಬಿಳಿ ಪೊರೆಯೂ ಲವಣವೇ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಎಲೆಯ ಅಂಚು ಸುಟ್ಟದ್ದಕ್ಕೆ ಇದೂ ಒಂದು ಕಾರಣ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಇದನ್ನು ಹೆಚ್ಚಿಸುತ್ತದೆ. ಹಾಕುವಾಗ ಬುಡದಿಂದ ಒಂದಿಷ್ಟು ಹೊರಗೆ ಹರಿಯುವಷ್ಟು ಹಾಕಿ, ಉಪ್ಪು ತೊಳೆದುಹೋಗುತ್ತದೆ. ಅಕ್ಕಿ, ಬೇಳೆ ತೊಳೆದ ನೀರು ಬಳಸಿ. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇರುವುದೇ ಇಲ್ಲ ಎನ್ನಬಹುದು, ಅದನ್ನು ಹಿಡಿದಿಡಿ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ. ಮಳೆಗಾಲದ ಮೊದಲ ಎರಡು ದೊಡ್ಡ ಮಳೆಗೆ ಕುಂಡಗಳನ್ನು ಬಯಲಿಗೆ ಇಟ್ಟರೆ ವರ್ಷದ ಉಪ್ಪು ಇಳಿದುಹೋಗುತ್ತದೆ.

ನೌಬಾದ್ ಹಿತ್ತಲು, ಬೀದರ್ (ಏಪ್ರಿಲ್ 14)

ನಮ್ಮ ಅಮ್ಮ ಬದನೆಗಿಡದ ಮೇಲೆ ಬೂದಿ ಎರಚುತ್ತಿದ್ದರಲ್ಲ, ಅದೂ ತಪ್ಪೇ? ಹೇನು ಕಡಿಮೆಯಾಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ತೋಟಗಾರಿಕೆ ಓದಿದವ, ಕಲಬುರಗಿ (ಏಪ್ರಿಲ್ 14)

ಅದು ತಪ್ಪಲ್ಲ ಅಮ್ಮ. ಎಲೆಯ ಮೇಲೆ ತೆಳ್ಳಗೆ ಎರಚುವುದು ಬೇರೆ, ಬುಡಕ್ಕೆ ಬೊಗಸೆಗಟ್ಟಲೆ ಸುರಿಯುವುದು ಬೇರೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ಮಣ್ಣು ನಮ್ಮ ಎರೆಯಷ್ಟು ಕ್ಷಾರವೂ ಅಲ್ಲ. ನಿಮ್ಮ ತಾಯಿಯವರು ತಮ್ಮ ಮಣ್ಣಿಗೆ ಸರಿಯಾದದ್ದನ್ನೇ ಮಾಡಿದ್ದಾರೆ.

ನೌಬಾದ್ ಹಿತ್ತಲು, ಬೀದರ್ (ಏಪ್ರಿಲ್ 15)

ಇದು ಕೇಳಿ ಸಮಾಧಾನವಾಯಿತು. ಅದೇ ಜಂಬಿಟ್ಟಿಗೆಯನ್ನು ಕೊರೆದು ಬಹಮನಿ ಸುಲ್ತಾನರ ಕಾಲದಲ್ಲಿ ನಮ್ಮ ನೌಬಾದಿನಲ್ಲಿ ಸುರಂಗ ಬಾವಿ ಮಾಡಿದ್ದಾರೆ, ನೆಲದೊಳಗೇ ನೀರು ಹರಿಯುವಂತೆ. ನೀರಿನ ಬೆಲೆ ಈ ಸೀಮೆಯವರಿಗೆ ಹೊಸದಲ್ಲ.

ಈಗ ತಂಗಿಗೆ ನನ್ನ ಸಲಹೆ. ಟೊಮೆಟೊವನ್ನು ಮೊದಲ ಬೆಳೆ ಮಾಡಿಕೊಳ್ಳಬೇಡ. ಅಂಗಡಿಯ ಬೀಜದ ಪೊಟ್ಟಣಗಳ ಮೇಲೆ ಚಂದದ ಚಿತ್ರ ಇರುತ್ತದೆ, ಡೊಣ್ಣ ಮೆಣಸಿನಕಾಯಿ, ಎಲೆಕೋಸು, ಗಜ್ಜರಿ ಎಲ್ಲ ಕಣ್ಣು ಸೆಳೆಯುತ್ತವೆ. ಅವನ್ನು ಅಲ್ಲಿಯೇ ಬಿಡು. ನಮ್ಮ ಬಿಸಿಲು ಕಂಡು ಬೆಳೆದ ಸೊಪ್ಪು, ಕಾಯಿ ಯಾವುದಿದೆ ನೋಡು. ಪುಂಡಿಪಲ್ಯ (ಗೋಂಗುರ), ದಂಟಿನ ಜಾತಿಯ ರಾಜಗಿರಿ, ಚವಳಿಕಾಯಿ (ಗೋರಿಕಾಯಿ), ಬೆಂಡೆ. ಈ ನಾಲ್ಕೂ ಬಿಸಿಲಿಗೆ ಹೆದರುವುದಿಲ್ಲ. ರಾಜಗಿರಿ ಇಪ್ಪತ್ತೈದು, ಮೂವತ್ತು ದಿನಕ್ಕೆ ಕೈಗೆ ಬರುತ್ತದೆ. ನಿನ್ನ ಅತ್ತೆಯವರಿಗೆ ಒಂದು ತಿಂಗಳೊಳಗೆ ಸೋಸಲು ಸೊಪ್ಪು ಸಿಗುತ್ತದೆ, ನಿನಗೂ ಧೈರ್ಯ ಬರುತ್ತದೆ. ಮೊದಲ ಬೆಳೆ ಬೇಗ ಕೈಗೆ ಹತ್ತಬೇಕು, ಅದಕ್ಕಾಗಿ ಹೇಳುತ್ತಿದ್ದೇನೆ.

ರಾಜಗಿರಿ ಬೀಜ ಸಾಸಿವೆಗಿಂತ ಸಣ್ಣದು. ಮರಳಿನ ಜೊತೆ ಕಲಸಿ ಚೆಲ್ಲು, ಮೇಲೆ ಮಣ್ಣು ಉದುರಿಸಿದರೂ ಉಗುರಿನ ದಪ್ಪಕ್ಕಿಂತ ಹೆಚ್ಚಿರಬಾರದು. ಹುಟ್ಟುವವರೆಗೆ ಹಸಿ ಗೋಣಿ ಹೊಚ್ಚು, ಮೊಳಕೆ ಕಂಡ ದಿನ ತಪ್ಪದೆ ತೆಗೆ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ನೇರ ಕುಂಡಕ್ಕೇ ಊರು. ಅದರ ತಾಯಿಬೇರು ಕಿತ್ತು ನೆಡುವುದನ್ನು ಸಹಿಸುವುದಿಲ್ಲ. ಒಂದು ಬಕೆಟ್ಟಿಗೆ ಒಂದೇ ಗಿಡ, ಎರಡು ಅಲ್ಲ. ಎರಡೂ ಚೆನ್ನಾಗಿ ಹುಟ್ಟಿದಾಗ ಒಂದನ್ನು ಕತ್ತರಿಸಲು ಜೀವ ಒಗ್ಗುವುದಿಲ್ಲ, ಆದರೂ ಕತ್ತರಿಸಬೇಕು.

ಬಾಡಿಗೆ ಮನೆ, ಹುಮನಾಬಾದ್ (ಏಪ್ರಿಲ್ 15)

ನನಗೆ ಬಿಸಿಲು ಬೆಳಿಗ್ಗೆ ಮೂರು ತಾಸು ಮಾತ್ರ. ಆಮೇಲೆ ಪಕ್ಕದ ಕಟ್ಟಡದ ನೆರಳು. ಏನೂ ಆಗುವುದಿಲ್ಲವೇ?

ತೋಟಗಾರಿಕೆ ಓದಿದವ, ಕಲಬುರಗಿ (ಏಪ್ರಿಲ್ 15)

ಸೊಪ್ಪು ಆಗುತ್ತದೆ: ಪಾಲಕ, ಪುದೀನ, ಮೆಂತ್ಯ, ಕೊತ್ತಂಬರಿ. ಕಾಯಿ ಬಿಡುವ ಗಿಡಕ್ಕೆ ಆರು ತಾಸು ಬೇಕು. ಬೇಸಿಗೆಯಲ್ಲಿ ನಿಮ್ಮ ಜಾಗವೇ ಹೆಚ್ಚು ಅನುಕೂಲ. ಮೇ ತಿಂಗಳಲ್ಲಿ ನಮ್ಮಲ್ಲಿ ಸೂರ್ಯ ನಡುನೆತ್ತಿಗೇ ಬರುತ್ತಾನೆ, ನಡುಮಧ್ಯಾಹ್ನ ಯಾವ ಗೋಡೆಯ ನೆರಳೂ ಸಿಗುವುದಿಲ್ಲ. ಹೊಸ ಕುಂಡದವರು ಮಾರ್ಚ್‌ನಿಂದ ಜೂನ್‌ವರೆಗೆ ಕುಂಡಗಳನ್ನು ಹೊತ್ತು ಇಳಿದ ಮೇಲಾದರೂ ನೆರಳು ಸಿಗುವ ಗೋಡೆಯ ಪೂರ್ವ ಬದಿಗೆ ಸರಿಸಿ, ಮೇಲೆ ಅರ್ಧ ಬಿಸಿಲು ಬಿಡುವ ಹಸಿರು ಪರದೆ ಕಟ್ಟಬೇಕು. ಪರದೆ ಸಿಗದಿದ್ದರೆ ಹಳೆಯ ಬಿಳಿ ಧೋತರವೂ ಆಗುತ್ತದೆ.

ಎರೆ ಹೊಲ, ಸೇಡಂ (ಏಪ್ರಿಲ್ 16)

ಮಣ್ಣಿನ ಮೇಲೆ ಎರಡು ಬೆರಳು ದಪ್ಪ ತೊಗರಿ ಹೊಟ್ಟು ಹಾಸಿ. ರಾಶಿ ಮಾಡಿದ ಯಾವ ಹೊಲದಲ್ಲಾದರೂ ಸಿಗುತ್ತದೆ. ತೇವ ಉಳಿಯುತ್ತದೆ, ಎರೆ ಬಿರುಕು ಬಿಡುವುದಿಲ್ಲ, ಕೊಳೆತರೆ ಗೊಬ್ಬರ. ಬಳ್ಳಿಗೆ, ಟೊಮೆಟೊಗೆ ಆಸರೆಯಾಗಿ ತೊಗರಿ ಕಟ್ಟಿಗೆ ಇದೆ. ಪ್ಲಾಸ್ಟಿಕ್ ಕೋಲು ಕೊಳ್ಳುವ ಅಗತ್ಯ ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲ.

ಹೊಸ ಕುಂಡ, ಕಲಬುರಗಿ (ಮೇ 19)

ರಾಜಗಿರಿ ಕೊಯ್ದೆವು! ಏಪ್ರಿಲ್ 20ಕ್ಕೆ ಬಿತ್ತಿದ್ದು. ಅಗಲವಾದ ಎರಡು ಹಳೆಯ ಬುಟ್ಟಿಗಳಿಗೆ ಗೋಣಿ ಹಾಸಿ ಬಿತ್ತಿದ್ದೆ. ಅತ್ತೆಯವರು ಮೆಟ್ಟಿಲ ಬುಡದಲ್ಲಿ ಕುಳಿತು ಒಂದೊಂದೇ ಎಲೆ ಬಿಡಿಸಿದರು, ಬೇಳೆ ಹಾಕಿ ಪಲ್ಯ ಮಾಡಿದೆವು, ಜೋಳದ ರೊಟ್ಟಿಯ ಜೊತೆ ಉಂಡೆವು. ನಾಲ್ಕು ಜನಕ್ಕೆ ಒಂದೊಂದು ತುತ್ತು ಹೆಚ್ಚೇ ಬಂತು. ಬೇರು ಸಮೇತ ಕೀಳದೆ ಗೇಣುದ್ದ ಬಿಟ್ಟು ಚಿವುಟಿದ್ದೇನೆ, ಮತ್ತೆ ಚಿಗುರುತ್ತಿದೆ.

ಬೆಂಡೆ ಮೊಣಕಾಲೆತ್ತರ ಇದೆ. ಆದರೆ ಒಂದು ಗಿಡದ ಎಲೆಯ ನರಗಳೆಲ್ಲ ಹಳದಿ ಬಲೆಯಂತೆ ಆಗಿವೆ. ಕಬ್ಬಿಣದ ಕೊರತೆಯಲ್ಲಿ ನರ ಹಸಿರಾಗಿ ಉಳಿಯುತ್ತದೆ ಎಂದಿದ್ದಿರಿ, ಇದು ಅದಕ್ಕೆ ತಿರುವುಮುರುವಾಗಿದೆ.

ಕಾಲುವೆ ಬದಿ, ಶಹಾಪುರ (ಮೇ 19)

ಇದು ಹಳದಿ ನರದ ನಂಜುರೋಗ. ಬಿಳಿನೊಣ ಹರಡುತ್ತದೆ. ಒಮ್ಮೆ ಬಂದ ಗಿಡ ವಾಸಿಯಾಗುವುದಿಲ್ಲ, ಔಷಧವೂ ಇಲ್ಲ. ಇವತ್ತೇ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಕನಿಕರಪಟ್ಟು ನಾಲ್ಕು ದಿನ ಬಿಟ್ಟರೆ ಉಳಿದವಕ್ಕೂ ಹತ್ತುತ್ತದೆ. ಇಲ್ಲಿ ಕಾಲುವೆ ನೀರಿನಿಂದ ವರ್ಷವಿಡೀ ಹಸಿರು ಇರುತ್ತದೆ, ಬಿಳಿನೊಣಕ್ಕೂ ವರ್ಷವಿಡೀ ಸುಗ್ಗಿ, ಹಾಗಾಗಿ ನಮಗೆ ಇದರ ಪಾಠ ಚೆನ್ನಾಗಿ ಆಗಿದೆ.

ಮುಂದಿನ ಸಲ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಹಾಕಿ, ಈ ರೋಗವನ್ನು ತಡೆಯುವ ಗುಣಕ್ಕೆಂದೇ ಬೆಳೆಸಿದ್ದು. ಈಗ ಹಳದಿ ಬಣ್ಣದ ಡಬ್ಬಿಯ ಮುಚ್ಚಳಕ್ಕೆ ಹರಳೆಣ್ಣೆ ಬಳಿದು ಗಿಡದ ಮಟ್ಟದಲ್ಲಿ ತೂಗಿಹಾಕಿ. ಬಿಳಿನೊಣ ಹಳದಿಗೆ ಬಂದು ಅಂಟಿಕೊಳ್ಳುತ್ತದೆ. ಬೇವಿನ ಹಣ್ಣು ಮುಂದಿನ ತಿಂಗಳು ಉದುರುತ್ತದೆ, ಆರಿಸಿ ಒಣಗಿಸಿ ಇಟ್ಟುಕೊಳ್ಳಿ. ಐವತ್ತು ಗ್ರಾಂ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಕರಗಿಸಿ, ಸಂಜೆ ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ. ಹುಳಗಳು ಇರುವುದು ಅಡಿಭಾಗದಲ್ಲಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ, ಬೇವಿನ ಕಸುವೂ ಬಿಸಿಲಿಗೆ ಬೇಗ ಹೋಗುತ್ತದೆ.

ಹೊಸ ಕುಂಡ, ಕಲಬುರಗಿ (ಮೇ 20)

ಕಿತ್ತೆ. ಮೊಗ್ಗು ಇತ್ತು ಅದರಲ್ಲಿ. ಬಹಳ ಬೇಸರವಾಯಿತು.

ನೌಬಾದ್ ಹಿತ್ತಲು, ಬೀದರ್ (ಮೇ 20)

ಬೇಸರವಾಗಲಿ ತಂಗಿ, ಆಗಬೇಕು. ಮೃಗಶಿರಾ ಮಳೆ ಜೂನ್ 7–8ಕ್ಕೆ ಕೂಡುತ್ತದೆ. ಒಂದು ಹದ ಮಳೆ ಬಿದ್ದ ಮರುದಿನ ಪುಂಡಿ ಮತ್ತು ಹೀರೆ ಹಾಕು. ಪುಂಡಿಯಲ್ಲಿ ಕೆಂಪು ಕಾಂಡದ್ದು, ಹಸಿರು ಕಾಂಡದ್ದು ಎರಡೂ ಇವೆ, ಎರಡನ್ನೂ ನಾಲ್ಕು ನಾಲ್ಕು ಕಾಳು ಹಾಕಿ ನೋಡು. ಹಗಲು ಚಿಕ್ಕದಾಗುತ್ತ ಬಂದಂತೆ ಅದು ಹೂವಿಗೆ ತಿರುಗುತ್ತದೆ, ಆದ್ದರಿಂದ ಮಳೆಗಾಲದಲ್ಲೇ ತುದಿ ಚಿವುಟಿ ಚಿವುಟಿ ಸೊಪ್ಪು ತೆಗೆದುಕೊಳ್ಳಬೇಕು.

ಹೊಸ ಕುಂಡ, ಕಲಬುರಗಿ (ಆಗಸ್ಟ್ 3)

ಪುಂಡಿಪಲ್ಯ ಮೂರು ಸಲ ಆಗಿದೆ, ನುಚ್ಚು ಹಾಕಿ ಮಾಡಿದೆವು. ಚವಳಿಕಾಯಿ ಗಿಡ ಯಾರ ಆರೈಕೆಯನ್ನೂ ಕೇಳದೆ ಗೊಂಚಲು ಗೊಂಚಲು ಕಾಯಿ ಬಿಟ್ಟಿದೆ. ಬೆಂಡೆಕಾಯಿಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ನಾರಾಗುತ್ತದೆ ಎಂಬುದನ್ನು ಊರಿಗೆ ಹೋಗಿ ಬಂದ ಒಂದು ವಾರದಲ್ಲಿ ಕಲಿತೆ. ಹೀರೆ ಮಾತ್ರ ನನ್ನನ್ನು ಸೋಲಿಸುತ್ತಿದೆ. ಬೆರಳುದ್ದದ ಕಾಯಿ ಹಳದಿಯಾಗಿ ಉದುರುತ್ತದೆ. ಒಂದು ಬಳ್ಳಿ, ಬಕೆಟ್ಟು ದೊಡ್ಡದು, ನೀರೂ ಸರಿಯಿದೆ. ಹೆಣ್ಣು ಹೂವಿಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು ಎಂದು ಓದಿ, ಬೆಳಿಗ್ಗೆ ಏಳು ಗಂಟೆಗೆ ಮುಟ್ಟಿಸುತ್ತಿದ್ದೇನೆ. ಆದರೂ ಹೀಗೆ.

ಕಾಲುವೆ ಬದಿ, ಶಹಾಪುರ (ಆಗಸ್ಟ್ 3)

ಬೆಳಿಗ್ಗೆ ಎಂದದ್ದರಲ್ಲೇ ಉತ್ತರ ಇದೆ. ಸೌತೆ, ಕುಂಬಳ, ಹಾಗಲ, ತುಪ್ಪದ ಹೀರೆ ಬೆಳಿಗ್ಗೆ ಅರಳುತ್ತವೆ. ಗೀರು ಇರುವ ನಮ್ಮ ಹೀರೆ ಅರಳುವುದು ಸಂಜೆ. ಸೋರೆಯೂ ಹಾಗೆಯೇ, ಬೆಳ್ಳಗೆ ಮುಚ್ಚಂಜೆಗೆ ಅರಳುತ್ತದೆ. ನೀವು ಬೆಳಿಗ್ಗೆ ಮುಟ್ಟಿಸುತ್ತಿರುವುದು ಹಿಂದಿನ ಸಂಜೆಯ ಹೂವು, ಅದರ ಹೊತ್ತು ಮುಗಿದಿರುತ್ತದೆ. ಸಂಜೆ ಆರರ ಮೇಲೆ ಹೋಗಿ. ತೊಟ್ಟಿನ ಹಿಂದೆ ಪುಟ್ಟ ಕಾಯಿ ಇರುವುದು ಹೆಣ್ಣು, ಬರೀ ತೊಟ್ಟು ಇರುವುದು ಗಂಡು. ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣಿನ ನಡುವಿಗೆ ಮೆಲ್ಲಗೆ ತಾಗಿಸಿ. ನೆಲದ ಮೇಲಿನ ಹೊಲದಲ್ಲಿ ಸಂಜೆಯ ಪತಂಗಗಳು, ಜೇನು ಈ ಕೆಲಸ ಮಾಡುತ್ತವೆ. ಊರ ನಡುವಿನ ಮಾಳಿಗೆಗೆ ಅವು ಬರುವುದು ಕಡಿಮೆ.

ಹೊಸ ಕುಂಡ, ಕಲಬುರಗಿ (ಆಗಸ್ಟ್ 12)

ನಾಲ್ಕು ಹೀರೆಕಾಯಿ ಹಿಡಿದಿವೆ, ಒಂದು ಗೇಣು ದಾಟಿದೆ. ಸಂಜೆ ಮಗಳು ಟಾರ್ಚ್ ಹಿಡಿಯುತ್ತಾಳೆ, ನಾನು ಹೂವು ಮುಟ್ಟಿಸುತ್ತೇನೆ. ಇದು ಈಗ ಅವಳ ಕೆಲಸವೂ ಹೌದು, ಗಂಡು ಹೂವನ್ನು ನನಗಿಂತ ಬೇಗ ಗುರುತಿಸುತ್ತಾಳೆ.

ತೋಟಗಾರಿಕೆ ಓದಿದವ, ಕಲಬುರಗಿ (ಸೆಪ್ಟೆಂಬರ್ 6)

ಈಗ ಟೊಮೆಟೊ ಸಮಯ. ಈ ವಾರ ಬೀಜ ಹಾಕಿದರೆ ಇಪ್ಪತ್ತೈದು ದಿನಕ್ಕೆ ಸಸಿ, ಹಸ್ತಾ ಮಳೆಯ ಹೊತ್ತಿಗೆ ನೆಡಬಹುದು. ನವೆಂಬರಿನ ತಂಪಿನಲ್ಲಿ ಹೂವು ಬಂದರೆ ಒಂದೂ ವ್ಯರ್ಥವಾಗುವುದಿಲ್ಲ. ಹೆಸರಘಟ್ಟದ ಅರ್ಕಾ ರಕ್ಷಕ್ ಸಿಕ್ಕಿದರೆ ನೋಡಿ. ಎಲೆ ಮುದುಡು ನಂಜು, ದುಂಡಾಣು ಸೊರಗು, ಬೇಗ ಬರುವ ಎಲೆ ಅಂಗಮಾರಿ ಮೂರನ್ನೂ ತಾಳುವ ಮಿಶ್ರತಳಿ. ಮಿಶ್ರತಳಿಯಾದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟುಕೊಂಡರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಬೀಜ ಉಳಿಸುವ ಆಸೆಯಿದ್ದರೆ ಅರ್ಕಾ ವಿಕಾಸ್ ಅಥವಾ ನಿಮ್ಮ ಕಡೆಯ ಜವಾರಿ ಹುಳಿ ಟೊಮೆಟೊ ಹಾಕಿ.

ಮತ್ತೊಂದು ಮಾತು. ಹಣ್ಣಿನ ತಳ ಕಪ್ಪಾಗಿ ಗುಳಿ ಬಿದ್ದರೆ ಮೊಟ್ಟೆ ಸಿಪ್ಪೆಗೆ ಓಡಬೇಡಿ. ನಮ್ಮ ಮಣ್ಣಿನಲ್ಲಿ ಸುಣ್ಣಕ್ಕೆ ಬರವಿಲ್ಲ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವುದರಿಂದ ಅದು ಹಣ್ಣಿನ ತುದಿಯವರೆಗೆ ತಲುಪುವುದಿಲ್ಲ. ನೀರನ್ನು ಸಮನಾಗಿ ಕೊಡಿ. ಬೆರಳನ್ನು ಎರಡು ಗೆಣ್ಣು ಒಳಗೆ ಇಳಿಸಿ ನೋಡಿ, ತೇವ ಹತ್ತಿದರೆ ಆ ದಿನ ಬೇಡ.

ನೌಬಾದ್ ಹಿತ್ತಲು, ಬೀದರ್ (ಅಕ್ಟೋಬರ್ 4)

ಮೆಂತ್ಯೆಗೆ ಬೀಜದ ಅಂಗಡಿಗೆ ಹೋಗಬೇಡ. ಕಿರಾಣಿ ಅಂಗಡಿಯ ಮೆಂತ್ಯ ಕಾಳೇ ಚೆನ್ನಾಗಿ ಹುಟ್ಟುತ್ತದೆ. ನಾಲ್ಕು ಬೆರಳು ಮಣ್ಣು ಇದ್ದರೆ ಸಾಕು, ಹಣ್ಣಿನ ಪೆಟ್ಟಿಗೆಯಲ್ಲೂ ಬರುತ್ತದೆ. ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತು, ಪುಡಿ ಮಾಡಬೇಡ. ಬೀಜದ ಅಂಗಡಿಯ ಕಾಳಿಗೆ ಗುಲಾಬಿಯೋ ನೀಲಿಯೋ ಬಣ್ಣ ಹಚ್ಚಿದ್ದರೆ ಅದು ಔಷಧ ಲೇಪಿಸಿದ್ದು, ಮಕ್ಕಳ ಕೈಗೆ ಕೊಡಬಾರದು. ಹತ್ತು ದಿನಕ್ಕೊಮ್ಮೆ ಒಂದೊಂದು ಪೆಟ್ಟಿಗೆ ಬಿತ್ತುತ್ತ ಹೋದರೆ ಎಳ್ಳ ಅಮಾವಾಸ್ಯೆಯವರೆಗೂ ಸೊಪ್ಪು ತಪ್ಪುವುದಿಲ್ಲ.

ಮಾಳಿಗೆ ಕೆಲಸ, ಯಾದಗಿರಿ (ನವೆಂಬರ್ 16)

ಮಂಗಗಳ ಕಾಟಕ್ಕೆ ಯಾರಾದರೂ ಪರಿಹಾರ ಕಂಡಿದ್ದೀರಾ? ಟೊಮೆಟೊ ಕೆಂಪಾಗುವ ಮೊದಲೇ ಹೋಗುತ್ತದೆ.

ಎರೆ ಹೊಲ, ಸೇಡಂ (ನವೆಂಬರ್ 16)

ಬಣ್ಣ ತಿರುಗಿದ ದಿನವೇ ಕೊಯ್ದು ಒಳಗೆ ಜೋಳದ ಚೀಲದ ಮೇಲೆ ಇಡಿ, ಮೂರ್ನಾಲ್ಕು ದಿನಕ್ಕೆ ಹಣ್ಣಾಗುತ್ತದೆ. ಮಂಗ ಮೆಣಸಿನಗಿಡ, ಪುಂಡಿ, ಪುದೀನದ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಹೊರ ಸಾಲಿಗೆ ಅವನ್ನು ಇಡಿ. ಇದಕ್ಕಿಂತ ಹೆಚ್ಚಿನದು ಬಲೆ ಕಟ್ಟುವುದು ಮಾತ್ರ.

ಹೊಸ ಕುಂಡ, ಕಲಬುರಗಿ (ಎಳ್ಳ ಅಮಾವಾಸ್ಯೆಯ ರಾತ್ರಿ)

ಈಗಷ್ಟೇ ಅಣ್ಣನ ಹೊಲದಿಂದ ಬಂದೆವು. ಭೂತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕುಳಿತು ಊಟ ಮಾಡಿದೆವು. ಹಬ್ಬದ ಭಜ್ಜಿಗೆ, ಅಂದರೆ ಎಲ್ಲ ಕಾಳು, ಕಾಯಿ, ಸೊಪ್ಪು ಕೂಡಿಸಿ ಮಾಡುವ ಪಲ್ಯಕ್ಕೆ, ಬೇಕಾದ ಹಸಿ ತೊಗರಿ, ಅವರೆ, ಗಜ್ಜರಿ ಎಲ್ಲ ಹೊಲದ್ದು, ಕಣ್ಣಿ ಮಾರ್ಕೆಟ್ಟಿನದು. ಮೆಂತ್ಯ, ಉಳ್ಳಾಗಡ್ಡಿ ಸೊಪ್ಪು, ಹಸಿಮೆಣಸಿನಕಾಯಿ, ಆರು ಟೊಮೆಟೊ ನಮ್ಮ ಮಾಳಿಗೆಯವು. ಅತ್ತೆಯವರು ನಿನ್ನೆ ಸಂಜೆ ಮೆಂತ್ಯ ಸೋಸುತ್ತ, ಬೇರಿಗೆ ಅಂಟಿದ್ದ ಮಣ್ಣನ್ನು ತಟ್ಟೆಗೆ ಕೊಡವಿ ನನ್ನ ಕೈಗೆ ಕೊಟ್ಟು, ಇದನ್ನು ಮತ್ತೆ ಕುಂಡಕ್ಕೇ ಹಾಕು ಎಂದರು.

ಪುಂಡಿಯ ಒಂದು ಗಿಡವನ್ನು ಕತ್ತರಿಸದೆ ಬೀಜಕ್ಕೆ ಬಿಟ್ಟಿದ್ದೆ. ಕೆಂಪು ಕಾಂಡದ್ದು. ಕಾಯಿ ಒಣಗಿ ಬಿರಿಯುತ್ತಿದೆ, ಒಂದು ಬಟ್ಟಲು ಕಾಳು ಆಗಬಹುದು. ಹುಮನಾಬಾದಿನವರೇ, ಮೃಗಶಿರಾ ಮಳೆಗೆ ಮೊದಲು ನಿಮಗೆ ಎಷ್ಟು ಬೇಕು ಹೇಳಿ, ಹಳೆಯ ಅಂಚೆ ಲಕೋಟೆಯಲ್ಲಿ ಕಟ್ಟಿ ಬಸ್ಸಿನಲ್ಲಿ ಕಳುಹಿಸುತ್ತೇನೆ.

ಬಾಡಿಗೆ ಮನೆ, ಹುಮನಾಬಾದ್ (ಮರುದಿನ)

ಎರಡು ಚಮಚ ಸಾಕು ಅಕ್ಕ. ಮೂರು ತಾಸಿನ ಬಿಸಿಲಿಗೆ ಎಷ್ಟು ಬರುತ್ತದೋ ನೋಡಿ ತಿಳಿಸುತ್ತೇನೆ. ನನ್ನ ಬಳಿ ಪಾಲಕದ ಬೀಜ ಇದೆ, ಅದೇ ಬಸ್ಸಿಗೆ ಕೊಡುತ್ತೇನೆ.